ಕೋಚ್ ಇಲ್ಲದ ಕೋಣೆ

(ದತ್ತಿ ಉಪನ್ಯಾಸದ ಲಿಖಿತ ರೂಪ)



ಕ್ರೀಡೆಗೂ ಶಿಕ್ಷಣಕ್ಕೂ ಇರುವ ಸಂಬಂಧದ ಬಗ್ಗೆ ವರ್ಷಕ್ಕೊಮ್ಮೆಯಾದರೂ ನಾಲ್ಕು ಜನ ಕೂತು ಯೋಚಿಸಬೇಕೆಂಬುದು ಈ ದತ್ತಿಯ ಆಶಯ. ಆ ಆಶಯಕ್ಕೆ ಹೊಂದುವ ವಿಷಯವನ್ನು ನಾನು ದೂರದಿಂದ ತಂದಿದ್ದೇನೆ. ಅದು ಅಮೆರಿಕದ ಕಾಲೇಜು ಫುಟ್‌ಬಾಲ್. ಸೋತು ಸೋತು ಸೋಲಿಗೇ ಒಗ್ಗಿಹೋದ ತಂಡವೊಂದರ ಮನಸ್ಸನ್ನು, ನಡತೆಯನ್ನು ಒಬ್ಬ ಕೋಚ್ ಬದಲಿಸಬಲ್ಲರೇ? ಬದಲಾಗಿದೆ ಎಂದು ನಾವು ಯಾವುದನ್ನು ನೋಡಿ ತೀರ್ಮಾನಿಸಬೇಕು? ಈ ಎರಡು ಪ್ರಶ್ನೆಗಳನ್ನು ಹಿಡಿದುಕೊಂಡು ಹೆಚ್ಚಾಗಿ ಒಂದೇ ವಿಶ್ವವಿದ್ಯಾಲಯದ ಕಥೆ ಹೇಳುತ್ತೇನೆ. ಅದು ಷಿಕಾಗೊ ನಗರಕ್ಕೆ ಉತ್ತರದಲ್ಲಿ, ಮಿಷಿಗನ್ ಸರೋವರದ ದಡದ ಎವನ್‌ಸ್ಟನ್ ಊರಿನಲ್ಲಿರುವ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯ.

ನನ್ನ ಮಾತಿನ ಸಾರವನ್ನು ಮೊದಲೇ ಹೇಳಿಬಿಡುತ್ತೇನೆ. ಕೋಚ್ ತಮ್ಮ ಕಣ್ಣೆದುರು ನಡೆಯುವುದನ್ನು ಬದಲಿಸಬಲ್ಲರು, ಮೂರು ನಾಲ್ಕು ವರ್ಷದಲ್ಲೇ ಬದಲಿಸಬಲ್ಲರು. ತಂಡದ ನಿಜವಾದ ನಡತೆ ಇರುವುದು ಅವರಿಲ್ಲದ ಕಡೆ: ಡ್ರೆಸ್ಸಿಂಗ್ ರೂಮಿನಲ್ಲಿ, ಶಿಬಿರದ ಮಲಗುವ ಕೋಣೆಯಲ್ಲಿ, ರಾತ್ರಿಯ ಪಾರ್ಟಿಯಲ್ಲಿ. ಅಲ್ಲಿ ತಪ್ಪು ನಡೆದಾಗ ತಂಡದ ತೀರ ಕಿರಿಯವನ ಮಾತು ಮೇಲಕ್ಕೆ ಬರುವ ದಾರಿ ಇದೆಯೋ ಇಲ್ಲವೋ, ಅದೊಂದೇ ಪರೀಕ್ಷೆ. ಗೆಲುವು ಆ ಪರೀಕ್ಷೆಯ ಉತ್ತರವಲ್ಲ.

ಕೋಚ್ ಕೈಯಲ್ಲಿರುವುದು

ಇದು ನಾವು ಕಾಲಿನಿಂದ ಒದ್ದು ಆಡುವ ಫುಟ್‌ಬಾಲ್ ಅಲ್ಲ. ಹೆಲ್ಮೆಟ್ಟು, ಹೆಗಲಿಗೆ ಪ್ಯಾಡು ಕಟ್ಟಿಕೊಂಡ ಹನ್ನೊಂದು ಜನ ಎದುರಿನ ಹನ್ನೊಂದು ಜನರಿಗೆ ಮೈಯೊಡ್ಡಿ, ಮೊಟ್ಟೆಯಾಕಾರದ ಚೆಂಡನ್ನು ಗಜ ಗಜ ಮುಂದೆ ಒಯ್ಯುವ ಆಟ. ಅಲ್ಲಿ ಇದು ವಿದ್ಯಾರ್ಥಿಗಳ ಸಂಜೆಯ ವಿನೋದವಲ್ಲ. ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರುತ್ತಾರೆ. ಎಷ್ಟೋ ರಾಜ್ಯಗಳಲ್ಲಿ ಸರ್ಕಾರಿ ಸಂಬಳ ಪಡೆಯುವವರ ಪೈಕಿ ಅತಿ ಹೆಚ್ಚು ಪಡೆಯುವವರು ರಾಜ್ಯಪಾಲರೂ ಅಲ್ಲ, ಕುಲಪತಿಗಳೂ ಅಲ್ಲ, ವಿಶ್ವವಿದ್ಯಾಲಯದ ಫುಟ್‌ಬಾಲ್ ಕೋಚ್.

ತಂಡದಲ್ಲಿ ನೂರಕ್ಕೂ ಹೆಚ್ಚು ಹುಡುಗರು. ಬಹಳ ಕಾಲ ಅದರಲ್ಲಿ 85 ಜನರಿಗೆ ಪೂರ್ಣ ವಿದ್ಯಾರ್ಥಿವೇತನ ಕೊಡಲು ಅನುಮತಿ ಇತ್ತು. 1973ರಲ್ಲಿ ಬಂದ ನಿಯಮದ ಪ್ರಕಾರ ಆ ವೇತನ ಒಂದು ವರ್ಷದ್ದು, ಪ್ರತಿ ವರ್ಷ ನವೀಕರಿಸಬೇಕು. ಹಲವು ವರ್ಷದ ವೇತನಕ್ಕೆ ಮತ್ತೆ ಅವಕಾಶವಾದದ್ದು 2012ರ ಹೊತ್ತಿಗೆ. ಇದರರ್ಥ ಸರಳ. ಹುಡುಗ ಮೈದಾನಕ್ಕೆ ಇಳಿಯುತ್ತಾನೋ ಬೆಂಚಿನ ಮೇಲೆ ಕೂರುತ್ತಾನೋ, ಮುಂದಿನ ವರ್ಷ ಅವನ ಶುಲ್ಕ ಯಾರು ಕಟ್ಟುತ್ತಾರೆ, ಏನು ತಿನ್ನುತ್ತಾನೆ, ಎಷ್ಟು ಗಂಟೆಗೆ ಏಳುತ್ತಾನೆ, ಯಾವ ತರಗತಿಗೆ ಸಮಯ ಸಿಗುತ್ತದೆ, ಎಲ್ಲದರಲ್ಲೂ ಒಬ್ಬರ ಮಾತೇ ನಡೆಯುತ್ತದೆ. ಹದಿನೆಂಟು ವರ್ಷದ ಹುಡುಗನ ಮೇಲೆ ಇಷ್ಟು ಹಿಡಿತ ತಂದೆತಾಯಿಗೂ ಇರುವುದಿಲ್ಲ. ತಂಡದ ಸಂಸ್ಕೃತಿಯನ್ನು ಬದಲಿಸುತ್ತೇನೆ ಎಂದು ಕೋಚ್ ಹೊರಟಾಗ ಅವರ ಕೈಯಲ್ಲಿರುವ ಬಲ ಇದು. ಅವರ ದಾರಿಗೆ ಅಡ್ಡಿಯೂ ಇದೇ, ಅದನ್ನು ಮುಂದೆ ನೋಡೋಣ.

ಜಂಕ್ಷನ್ನಿನ ಬಿಸಿಲು

ತಂಡವನ್ನು ಬದಲಿಸುವ ಅತಿ ಹಳೆಯ ದಾರಿ ಭಯ. ಅಮೆರಿಕದಲ್ಲಿ ಅದಕ್ಕೊಂದು ಪುರಾಣವೇ ಇದೆ. ‘ಬೇರ್’ ಬ್ರಯಂಟ್ ಎಂದೇ ಹೆಸರಾದ ಪಾಲ್ ಬ್ರಯಂಟ್ 1954ರಲ್ಲಿ ಟೆಕ್ಸಸ್ ಎ ಅಂಡ್ ಎಂ ಕಾಲೇಜಿನ ಕೋಚ್ ಆಗಿ ಬಂದರು. ತಂಡ ಮೆತ್ತಗಾಗಿದೆ ಅನ್ನಿಸಿತು. ಆ ಸೆಪ್ಟೆಂಬರಿನಲ್ಲಿ ಸುಮಾರು ನೂರು ಹುಡುಗರನ್ನು ಬಸ್ಸಿನಲ್ಲಿ ತುಂಬಿಕೊಂಡು ಜಂಕ್ಷನ್ ಎಂಬ ಸಣ್ಣ ಊರಿಗೆ ಹೋದರು. ಬರಗಾಲದ ನೆಲ, ಕಲ್ಲುಮುಳ್ಳಿನ ಮೈದಾನ, 38 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಲು. ಅಭ್ಯಾಸದ ನಡುವೆ ನೀರಿಲ್ಲ. ಆಗ ನೀರು ಕುಡಿಯುವುದೂ ಹೇಡಿತನ ಎನ್ನುವ ಕಾಲ. ಹತ್ತು ದಿನದಲ್ಲಿ ಹುಡುಗರು ಒಬ್ಬೊಬ್ಬರಾಗಿ, ರಾತ್ರಿ ಹೊತ್ತು ಪೆಟ್ಟಿಗೆ ಹಿಡಿದುಕೊಂಡು ಜಾಗ ಖಾಲಿ ಮಾಡಿದರು. ಒಬ್ಬ ಬಿಸಿಲ ಹೊಡೆತಕ್ಕೆ ಸಾವಿನ ಬಾಗಿಲಿಗೆ ಹೋಗಿ ಬಂದ. ಕೊನೆಗೆ ಉಳಿದವರು ಸುಮಾರು ಮೂವತ್ತೈದು.

ಆ ವರ್ಷ ತಂಡ ಹತ್ತು ಪಂದ್ಯ ಆಡಿ ಒಂಬತ್ತು ಸೋತಿತು. ಎರಡು ವರ್ಷದ ನಂತರ, 1956ರಲ್ಲಿ, ಒಂದನ್ನೂ ಸೋಲದೆ ಪ್ರಾದೇಶಿಕ ಪ್ರಶಸ್ತಿ ಗೆದ್ದಿತು. ಉಳಿದವರಲ್ಲಿ ಜೀನ್ ಸ್ಟಾಲಿಂಗ್ಸ್ ಇದ್ದರು, ಮುಂದೆ ಅಲಬಾಮಾ ತಂಡವನ್ನು 1992ರ ರಾಷ್ಟ್ರೀಯ ಚಾಂಪಿಯನ್ ಮಾಡಿದವರು. ಹೀಗಾಗಿ ಜಂಕ್ಷನ್ ಒಂದು ತಪಸ್ಸಿನ ಕಥೆಯಾಯಿತು. ಅದರ ಮೇಲೆ ಪುಸ್ತಕ ಬಂತು, ಟೆಲಿಚಿತ್ರ ಬಂತು. ಮುಂದಿನ ಎಷ್ಟೋ ಕೋಚ್‌ಗಳು ಹುಡುಗರ ನೀರು ಕಿತ್ತುಕೊಂಡದ್ದಕ್ಕೆ ಆ ಕಥೆಯೇ ಪ್ರಮಾಣವಾಯಿತು.

ನಾನು ಕೇಳುವುದು ಇಷ್ಟೆ. ಕಥೆ ಹೇಳಿದವರು ಯಾರು? ಉಳಿದ ಮೂವತ್ತೈದು ಜನ. ರಾತ್ರಿ ಹೊರಟುಹೋದ ಅರವತ್ತು ಚಿಲ್ಲರೆ ಹುಡುಗರಿಗೆ ಅಲ್ಲಿ ಒಂದೇ ಹೆಸರು, ಕೈಚೆಲ್ಲಿದವರು. ಅವರಲ್ಲಿ ಎಷ್ಟು ಜನ ದುರ್ಬಲರಾಗಿ ಹೋದರು, ಎಷ್ಟು ಜನ ‘ಇದು ಸರಿಯಲ್ಲ’ ಎಂದುಕೊಂಡು ಹೋದರು ಎಂಬುದನ್ನು ಆ ಕಥೆ ಎಣಿಸುವುದೇ ಇಲ್ಲ. ಭಯದಿಂದ ಕಟ್ಟಿದ ತಂಡದಲ್ಲಿ ಮೊದಲು ಹೊರಬೀಳುವುದು ಪ್ರಶ್ನೆ ಕೇಳುವವನು. ಆಮೇಲೆ ಒಳಗೆ ಉಳಿಯುವ ಮೌನಕ್ಕೆ ಒಗ್ಗಟ್ಟು ಎಂದು ಹೆಸರಿಡುತ್ತೇವೆ.

ಸೋಲನ್ನೇ ಹಬ್ಬ ಮಾಡಿಕೊಂಡವರು

ಈಗ ಎವನ್‌ಸ್ಟನ್‌ಗೆ ಬರೋಣ. ನಾರ್ತ್‌ವೆಸ್ಟರ್ನ್ ಓದಿಗೆ ಹೆಸರಾದ ಖಾಸಗಿ ವಿಶ್ವವಿದ್ಯಾಲಯ. ಅದು ಆಡುವುದು ಬಿಗ್ ಟೆನ್ ಒಕ್ಕೂಟದಲ್ಲಿ, ಮಿಷಿಗನ್, ಒಹಾಯೊ ಸ್ಟೇಟ್‌ನಂಥ ದೈತ್ಯ ಸರ್ಕಾರಿ ವಿಶ್ವವಿದ್ಯಾಲಯಗಳ ಎದುರು. 1976ರಿಂದ 1981ರವರೆಗಿನ ಆರು ವರ್ಷದಲ್ಲಿ ಗೆದ್ದದ್ದು 3 ಪಂದ್ಯ, ಸೋತದ್ದು 62, ಒಂದು ಸಮ. 1979ರಿಂದ 1982ರವರೆಗೆ ಒಂದರ ಹಿಂದೊಂದು 34 ಸೋಲು.

ಸಂಖ್ಯೆಗಿಂತ ದೊಡ್ಡದು ಆ ಸೋಲಿಗೆ ಜನ ಹೊಂದಿಕೊಂಡ ರೀತಿ. 1981ರ ನವೆಂಬರಿನಲ್ಲಿ ಮಿಷಿಗನ್ ಸ್ಟೇಟ್ ಎದುರು 61–14ರಿಂದ ಸೋತಾಗ ಸತತ ಸೋಲಿನ ಹೊಸ ದಾಖಲೆಯಾಯಿತು. ವಿದ್ಯಾರ್ಥಿಗಳು ಮೈದಾನಕ್ಕೆ ನುಗ್ಗಿ, ನಮಗಿಂತ ಕೆಟ್ಟ ತಂಡವಿಲ್ಲ ಎಂದು ಕುಣಿದು ಕೂಗಿದರು, ಗೋಲ್ ಕಂಬ ಕಿತ್ತರು. ಊರಿನ ಹತ್ತಿರ ಹಾದುಹೋಗುವ 94ನೇ ಸಂಖ್ಯೆಯ ಹೆದ್ದಾರಿಯ ಫಲಕದ ಕೆಳಗೆ ಯಾರೋ ‘ನಾರ್ತ್‌ವೆಸ್ಟರ್ನ್ 0’ ಎಂದು ಬರೆದುಬಿಟ್ಟರು. ಹೆದ್ದಾರಿ 94, ನಾರ್ತ್‌ವೆಸ್ಟರ್ನ್ ಸೊನ್ನೆ. ಒಳ್ಳೆಯ ಹಾಸ್ಯವೇ. ಆದರೆ ತಂಡವೊಂದು ತನ್ನ ಸೋಲಿನ ಬಗ್ಗೆ ತಾನೇ ಜೋಕು ಹೇಳಲು ಕಲಿತ ಮೇಲೆ ಆ ಸೋಲು ನೋಯುವುದಿಲ್ಲ, ನೋಯದ ಸೋಲು ಬಿಟ್ಟು ಹೋಗುವುದೂ ಇಲ್ಲ.

1992ರ ಆರಂಭದಲ್ಲಿ ಗ್ಯಾರಿ ಬಾರ್ನೆಟ್ ಇಲ್ಲಿಗೆ ಕೋಚ್ ಆಗಿ ಬಂದರು. ಅದಕ್ಕೂ ಮೊದಲು ಕೊಲರಾಡೊದಲ್ಲಿ ಸಹಾಯಕ ಕೋಚ್ ಆಗಿದ್ದವರು. 1990ರಲ್ಲಿ ಆ ತಂಡ ರಾಷ್ಟ್ರೀಯ ಪ್ರಶಸ್ತಿ ಪಡೆದದ್ದನ್ನು ಒಳಗಿನಿಂದ ಕಂಡಿದ್ದರು. ಎವನ್‌ಸ್ಟನ್ನಿನ ಬ್ಯಾಸ್ಕೆಟ್‌ಬಾಲ್ ಪಂದ್ಯವೊಂದರ ವಿರಾಮದಲ್ಲಿ ಅವರನ್ನು ಪ್ರೇಕ್ಷಕರಿಗೆ ಪರಿಚಯಿಸಿದಾಗ, ಈ ನೇರಳೆ ಬಣ್ಣವನ್ನು ಪ್ಯಾಸಡೀನಾಗೆ ಒಯ್ಯುತ್ತೇನೆ ಎಂದು ಘೋಷಿಸಿದರು. ನೇರಳೆ ಎಂದರೆ ತಂಡದ ಬಣ್ಣ. ಪ್ಯಾಸಡೀನಾ ಎಂದರೆ ಕ್ಯಾಲಿಫೋರ್ನಿಯಾದಲ್ಲಿ ಹೊಸವರ್ಷದ ದಿನ ರೋಸ್ ಬೌಲ್ ಪಂದ್ಯ ನಡೆಯುವ ಊರು. ಅಲ್ಲಿಗೆ ನಾರ್ತ್‌ವೆಸ್ಟರ್ನ್ ಕೊನೆಯ ಬಾರಿ ಹೋಗಿದ್ದು 1949ರಲ್ಲಿ. ಕೇಳಿದವರು ನಕ್ಕಿರಬೇಕು.

ಬಾರ್ನೆಟ್ ಮಾಡಿದ ಕೆಲಸಗಳಲ್ಲಿ ಮೂರನ್ನು ಹೇಳುತ್ತೇನೆ. ಮೊದಲನೆಯದು, ಗೆಲುವನ್ನು ನಿರೀಕ್ಷಿಸಿ ಎಂಬ ಒಂದೇ ಮಾತನ್ನು ತಂಡದ ಉಸಿರಿನಷ್ಟು ಸಹಜವಾಗುವ ತನಕ ಹೇಳಿದ್ದು. ಎರಡನೆಯದು, ಸ್ಟೀವ್ ಮ್ಯೂಸೊ ಎಂಬ ಹಿರಿಯ ಮನಶ್ಶಾಸ್ತ್ರಜ್ಞರನ್ನು ಕರೆತಂದು ಆಟಗಾರರ ಜೊತೆ ಕೂರಿಸಿದ್ದು. ಮೂರನೆಯದು, ಋತು ಶುರುವಾಗುವ ಮುನ್ನ ತಂಡವನ್ನು ಪಕ್ಕದ ವಿಸ್ಕಾನ್ಸಿನ್ ರಾಜ್ಯದ ಕೆನೋಷಾ ಊರಿಗೆ ಕರೆದೊಯ್ದು ಶಿಬಿರ ಹಾಕಿದ್ದು. ಮನೆ, ಗೆಳೆಯರು, ಕ್ಯಾಂಪಸ್ಸಿನ ಗದ್ದಲ ಯಾವುದೂ ಇಲ್ಲದ ಕಡೆ ಹುಡುಗರು ಒಟ್ಟಿಗೆ ಉಂಡು, ಒಟ್ಟಿಗೆ ಮಲಗಿ ಒಂದಾಗಲಿ ಎಂಬುದು ಉದ್ದೇಶ. ಈ ಶಿಬಿರವನ್ನು ನೆನಪಿನಲ್ಲಿಟ್ಟುಕೊಳ್ಳಿ.

ಫಲ ಕೂಡಲೇ ಬರಲಿಲ್ಲ. 1992ರಲ್ಲಿ 3 ಗೆಲುವು, 1993ರಲ್ಲಿ 2, 1994ರಲ್ಲಿ ಮತ್ತೆ 3. ನಾಲ್ಕನೇ ವರ್ಷ, 1995ರ ಸೆಪ್ಟೆಂಬರ್ 2ರಂದು, ದೇಶದ ಅತಿ ಪ್ರಸಿದ್ಧ ತಂಡಗಳಲ್ಲೊಂದಾದ ನೋಟರ್ ಡೇಮ್ ಎದುರು ಅವರದೇ ನೆಲದಲ್ಲಿ ಆಟ. ನಾರ್ತ್‌ವೆಸ್ಟರ್ನ್ ಸುಮಾರು ನಾಲ್ಕು ಟಚ್‌ಡೌನ್‌ಗಳಷ್ಟು ಭಾರಿ ಅಂತರದಲ್ಲಿ ಸೋಲುತ್ತದೆ ಎಂದು ಪಣ ಕಟ್ಟುವವರ ಲೆಕ್ಕ. ಆಟಕ್ಕೆ ಮುಂಚೆ ಬಾರ್ನೆಟ್ ಹುಡುಗರಿಗೆ ಕೊಟ್ಟ ಸೂಚನೆ ವಿಚಿತ್ರವಾಗಿತ್ತು. ಗೆದ್ದ ಮೇಲೆ ನನ್ನನ್ನು ಹೆಗಲ ಮೇಲೆ ಹೊರಬೇಡಿ, ಇದು ನಮಗೆ ಹೊಸದಲ್ಲ ಎನ್ನುವ ಹಾಗೆ ನಡೆದುಕೊಳ್ಳಿ ಎಂದರು. ತಂಡ 17–15ರಿಂದ ಗೆದ್ದಿತು.

ಸೋತು ಕುಣಿಯುತ್ತಿದ್ದ ವಿಶ್ವವಿದ್ಯಾಲಯದಲ್ಲಿ ಗೆದ್ದಾಗ ಕುಣಿಯಬೇಡಿ ಎಂದ ಕೋಚ್! ಹದಿನಾಲ್ಕು ವರ್ಷದಲ್ಲಿ ಆದ ಬದಲಾವಣೆಯ ಉದ್ದವನ್ನು ಈ ಎರಡು ದೃಶ್ಯಗಳ ನಡುವೆ ಅಳೆಯಬಹುದು. ಮುಂದಿನ ಪಂದ್ಯದಲ್ಲಿ ಒಹಾಯೊದ ಮಯಾಮಿ ಎಂಬ ಸಣ್ಣ ತಂಡದ ಕೈಯಲ್ಲಿ ಸೋತರೂ ಹುಡುಗರು ಹಳೆಯ ಹಾದಿಗೆ ಜಾರಲಿಲ್ಲ. ಮಿಷಿಗನ್, ಪೆನ್ ಸ್ಟೇಟ್, ಅಯೊವ ಎಲ್ಲರನ್ನೂ ಸೋಲಿಸಿ ಒಕ್ಕೂಟದ ಎಂಟಕ್ಕೆ ಎಂಟನ್ನೂ ಗೆದ್ದರು. 1936ರ ನಂತರ ಮೊದಲ ಬಿಗ್ ಟೆನ್ ಪ್ರಶಸ್ತಿ ಬಂತು. 1996ರ ಜನವರಿ 1ರಂದು ನೇರಳೆ ಬಣ್ಣ ನಿಜಕ್ಕೂ ಪ್ಯಾಸಡೀನಾ ತಲುಪಿತು. ಅಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ಎದುರು 41–32ರಿಂದ ಸೋತದ್ದು ಯಾರಿಗೂ ದೊಡ್ಡದೆನಿಸಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಇದು ಸೊಗಸಾದ ಸ್ಫೂರ್ತಿಕಥೆ. ವ್ಯಕ್ತಿತ್ವ ವಿಕಸನದ ಭಾಷಣಗಳು ಇಲ್ಲೇ ನಿಲ್ಲುತ್ತವೆ. ನಾನು ನಿಲ್ಲಿಸುವಂತಿಲ್ಲ.

ಕಣ್ಣಿಗೆ ಬೀಳದ್ದು

1994ರಲ್ಲಿ, ಗೆಲುವನ್ನು ನಿರೀಕ್ಷಿಸಿ ಎಂಬ ಮಾತು ತಂಡದೊಳಗೆ ಮೊಳಗುತ್ತಿದ್ದ ಮೂರನೇ ವರ್ಷದಲ್ಲಿ, ಅದೇ ತಂಡದ ಕೆಲವು ಆಟಗಾರರು ಹಣ ಕಟ್ಟಿ ಬೆಟ್ಟಿಂಗ್ ಆಡುತ್ತಿದ್ದರು. ಒಬ್ಬ ಆಟಗಾರ ಅಯೊವ ಎದುರಿನ ಪಂದ್ಯದಲ್ಲಿ ತನ್ನ ತಂಡದ ವಿರುದ್ಧವೇ ಪಣ ಕಟ್ಟಿ, ಗೋಲ್ ಗೆರೆ ಇನ್ನೊಂದು ಗಜ ಇದೆ ಎನ್ನುವಾಗ ಬೇಕೆಂದೇ ಚೆಂಡು ಕೈಬಿಟ್ಟ. ಬೆಟ್ಟಿಂಗ್ ಸುದ್ದಿ ಕಿವಿಗೆ ಬಿದ್ದಾಗ ಬಾರ್ನೆಟ್ ಅವನನ್ನು ಋತುವಿನ ಕೊನೆಯ ಪಂದ್ಯದಿಂದ ಹೊರಗಿಟ್ಟರು. ಬೇಕೆಂದೇ ಚೆಂಡು ಬಿಟ್ಟ ಸಂಗತಿ ಹೊರಬಂದದ್ದು ನಾಲ್ಕು ವರ್ಷ ಕಳೆದು, 1998ರಲ್ಲಿ. ತನಿಖೆಯ ಮುಂದೆ ಸುಳ್ಳು ಹೇಳಿದ್ದಕ್ಕೆ ನಾಲ್ವರು ಮಾಜಿ ಆಟಗಾರರ ಮೇಲೆ ಮೊಕದ್ದಮೆ ಹೂಡಲಾಯಿತು.

ಕೋಚ್ ಹೇಳಿದ್ದನ್ನು ಹುಡುಗರು ನಂಬಿರಲಿಲ್ಲ ಎಂದು ಇದರ ಅರ್ಥವಲ್ಲ. ಬಹುಪಾಲು ಹುಡುಗರು ನಂಬಿದ್ದರು, ನಂಬಿದ್ದಕ್ಕೇ ಮರುವರ್ಷ ಗೆದ್ದರು. ಒಂದೇ ಸೂರಿನ ಕೆಳಗೆ, ಒಂದೇ ವರ್ಷ, ಎರಡು ನಡತೆಗಳು ಜೊತೆಜೊತೆಗೆ ಬದುಕಬಲ್ಲವು. ಮೇಲಿನದು ಗೋಡೆಯ ಮೇಲೆ ಬರೆದದ್ದು, ಎಲ್ಲರಿಗೂ ಕಾಣುತ್ತದೆ. ಕೆಳಗಿನದನ್ನು ಕಾಣುವವರು ಜೊತೆಗೆ ಮಲಗಿ ಏಳುವ ಹುಡುಗರು ಮಾತ್ರ.

ಬಾರ್ನೆಟ್ 1999ರಲ್ಲಿ ಮುಖ್ಯ ಕೋಚ್ ಆಗಿ ಕೊಲರಾಡೊಗೆ ಮರಳಿದರು. 2001ರಲ್ಲಿ ಅಲ್ಲೂ ಒಕ್ಕೂಟದ ಪ್ರಶಸ್ತಿ ಗೆದ್ದರು. ಅದೇ ವರ್ಷದ ಡಿಸೆಂಬರಿನಲ್ಲಿ ಆಟಗಾರರು ಮತ್ತು ತಂಡಕ್ಕೆ ಸೇರಲು ಬಂದಿದ್ದ ಶಾಲಾ ಹುಡುಗರು ಸೇರಿದ್ದ ಪಾರ್ಟಿಯೊಂದರಲ್ಲಿ ತಮ್ಮ ಮೇಲೆ ಲೈಂಗಿಕ ದೌರ್ಜನ್ಯ ನಡೆಯಿತೆಂದು ಯುವತಿಯರು ದೂರಿದರು. ಅತ್ಯಾಚಾರದ ಕ್ರಿಮಿನಲ್ ಮೊಕದ್ದಮೆ ದಾಖಲಾಗಲಿಲ್ಲ. ಆದರೆ ಇಬ್ಬರು ಯುವತಿಯರು ಹೂಡಿದ ಸಿವಿಲ್ ದಾವೆ ವರ್ಷಗಟ್ಟಲೆ ನಡೆದು, 2007ರಲ್ಲಿ ವಿಶ್ವವಿದ್ಯಾಲಯ 28.5 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. 2004ರಲ್ಲಿ ತಂಡದ ಮಾಜಿ ಆಟಗಾರ್ತಿಯೊಬ್ಬರು ತಮ್ಮ ಮೇಲಾದ ದೌರ್ಜನ್ಯ ಹೇಳಿಕೊಂಡಾಗ ಬಾರ್ನೆಟ್ ಪತ್ರಕರ್ತರ ಮುಂದೆ ಆಕೆಯ ಆಟ ಕಳಪೆಯಾಗಿತ್ತು ಎಂದರು. ಅದಕ್ಕಾಗಿ ಅವರನ್ನು ಕೆಲವು ತಿಂಗಳು ರಜೆಯ ಮೇಲೆ ಕಳಿಸಬೇಕಾಯಿತು. ಗೆಲುವಿನ ನಂಬಿಕೆ ಕಟ್ಟುವುದರಲ್ಲಿ ಇಷ್ಟು ಪಳಗಿದ ಮನುಷ್ಯನಿಗೂ ದೂರು ಹೊತ್ತು ಬಂದವರ ಮಾತಿನಲ್ಲಿ ಮೊದಲು ಕಂಡದ್ದು ಆಟದ ಗುಣಮಟ್ಟ. ಇದು ಆ ಒಬ್ಬ ವ್ಯಕ್ತಿಯ ದೋಷ ಎನ್ನುವುದಕ್ಕಿಂತ ಆ ಹುದ್ದೆ ಮನುಷ್ಯರ ಕಣ್ಣನ್ನು ತಿದ್ದುವ ಬಗೆ ಎಂದೇ ನನಗನ್ನಿಸುತ್ತದೆ. ಎಲ್ಲವನ್ನೂ ತಂಡದ ಲಾಭನಷ್ಟದಲ್ಲಿ ತೂಗಿ ತೂಗಿ ಬೇರೆ ತಕ್ಕಡಿ ಮರೆತುಹೋಗುತ್ತದೆ.

ಎಣಿಸದ ಮತಗಳು

1995ರ ಆ ತಂಡದ ಜೀವಾಳ ಪ್ಯಾಟ್ ಫಿಟ್ಜ್‌ಜೆರಾಲ್ಡ್ ಎಂಬ ಆಟಗಾರ. ಎದುರಾಳಿಯನ್ನು ತಡೆಯುವ ಸಾಲಿನಲ್ಲಿ ನಿಂತು, ದೇಶದ ಅತ್ಯುತ್ತಮ ರಕ್ಷಣಾ ಆಟಗಾರನ ಪ್ರಶಸ್ತಿಯನ್ನು 1995 ಮತ್ತು 1996ರಲ್ಲಿ ಪಡೆದವರು. 2006ರ ಜೂನ್‌ನಲ್ಲಿ ಆಗಿನ ಕೋಚ್ ರ‍್ಯಾಂಡಿ ವಾಕರ್ 52ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ, 31 ವರ್ಷದ ಫಿಟ್ಜ್‌ಜೆರಾಲ್ಡ್ ಮುಖ್ಯ ಕೋಚ್ ಆದರು. ಹದಿನೇಳು ಋತು ಆ ಸ್ಥಾನದಲ್ಲಿದ್ದರು, 110 ಪಂದ್ಯ ಗೆದ್ದರು. 2013ರ ಹೊಸವರ್ಷದ ದಿನ, ರೋಸ್ ಬೌಲ್‌ನಂಥದೇ ಇನ್ನೊಂದು ಪಂದ್ಯವಾದ ಗೇಟರ್ ಬೌಲ್ ಗೆದ್ದಾಗ 1949ರ ನಂತರ ವಿಶ್ವವಿದ್ಯಾಲಯಕ್ಕೆ ಮೊದಲ ಬೌಲ್ ಗೆಲುವು ಸಿಕ್ಕಿತು. ಹುಡುಗರು ಓದಿ ಪದವಿ ಪಡೆಯುತ್ತಿದ್ದರು. ಸರಿಯಾದ ದಾರಿಯಲ್ಲಿ ಕಟ್ಟಿದ ತಂಡಕ್ಕೆ ಉದಾಹರಣೆ ಬೇಕಾದಾಗ ಜನ ಎವನ್‌ಸ್ಟನ್ ಕಡೆ ಕೈ ತೋರಿಸುತ್ತಿದ್ದರು.

ಇಂಥ ತಂಡದಲ್ಲೇ 2014ರಲ್ಲಿ ಒಂದು ಅಪರೂಪದ ಘಟನೆ ನಡೆಯಿತು. ಕೇನ್ ಕೋಲ್ಟರ್ ಎಂಬ ಆಟಗಾರನ ಮುಂದಾಳತ್ವದಲ್ಲಿ ಆಟಗಾರರು ಸಂಘ ಕಟ್ಟಿಕೊಳ್ಳಲು ಹೊರಟರು. ತಲೆಗೆ ಬೀಳುವ ಪೆಟ್ಟಿಗೆ ರಕ್ಷಣೆ, ಗಾಯದ ಚಿಕಿತ್ಸೆಯ ಖರ್ಚು, ವಿದ್ಯಾರ್ಥಿವೇತನಕ್ಕೆ ಭದ್ರತೆ ಅವರ ಬೇಡಿಕೆಗಳಲ್ಲಿದ್ದವು. ಅಮೆರಿಕ ಸರ್ಕಾರದ ಕಾರ್ಮಿಕ ಸಂಬಂಧ ಮಂಡಳಿಯ ಷಿಕಾಗೊ ಅಧಿಕಾರಿ ಆ ಮಾರ್ಚ್‌ನಲ್ಲಿ, ವಿದ್ಯಾರ್ಥಿವೇತನ ಪಡೆಯುವ ಆಟಗಾರರು ನೌಕರರೇ ಎಂದು ತೀರ್ಪು ಕೊಟ್ಟರು. ಏಪ್ರಿಲ್‌ನಲ್ಲಿ ಮತದಾನ ನಿಗದಿಯಾಯಿತು. ಫಿಟ್ಜ್‌ಜೆರಾಲ್ಡ್ ಸಂಘ ಬೇಡವೆಂದು ಮತ ಹಾಕುವಂತೆ ಹುಡುಗರನ್ನು ಕೇಳಿಕೊಂಡರು. ನೀವು ಬಲ್ಲ ನಮ್ಮ ಮೇಲಿರುವ ನಂಬಿಕೆಯನ್ನು ಗುರುತಿಲ್ಲದ ಮೂರನೆಯವರಿಗೆ ವರ್ಗಾಯಿಸಬೇಡಿ ಎಂಬುದು ಅವರ ವಾದದ ತಿರುಳು.

ಆ ಮಾತಿನಲ್ಲಿ ಕಪಟವಿತ್ತು ಎಂದು ನಾನು ಭಾವಿಸುವುದಿಲ್ಲ. ಬಾಗಿಲು ಸದಾ ತೆರೆದಿದೆ, ಏನಿದ್ದರೂ ನನಗೇ ಹೇಳಿ ಎನ್ನುವ ಮೇಷ್ಟ್ರು, ವಾರ್ಡನ್, ಕೋಚ್ ಬಹುತೇಕ ಪ್ರಾಮಾಣಿಕರೇ. ತೊಂದರೆ ಇರುವುದು ಬೇರೆ ಕಡೆ. ತಂಡದಲ್ಲಿ ಯಾರು ಆಡಬೇಕೆಂದು ತೀರ್ಮಾನಿಸುವವರ ಬಾಗಿಲು ಎಷ್ಟು ತೆರೆದಿದ್ದರೂ ಹೊಸದಾಗಿ ಬಂದ ಹುಡುಗ ಅದನ್ನು ದಾಟುವ ಮೊದಲು ಹತ್ತು ಸಲ ಯೋಚಿಸುತ್ತಾನೆ. ಕೋಚ್‌ನ ಕೈಯಲ್ಲಿರುವ ಬಲವೇ ಅವರ ದಾರಿಗೆ ಅಡ್ಡಿ ಎಂದು ಆಗಲೇ ಹೇಳಿದ್ದು ಇದನ್ನೇ.

ಮತದಾನ ನಡೆಯಿತು. ಎಣಿಕೆ ನಡೆಯಲಿಲ್ಲ. ವಿಶ್ವವಿದ್ಯಾಲಯದ ಮೇಲ್ಮನವಿ ಇತ್ಯರ್ಥವಾಗುವವರೆಗೆ ಮತಪತ್ರಗಳನ್ನು ಮೊಹರು ಮಾಡಿಟ್ಟರು. 2015ರ ಆಗಸ್ಟ್‌ನಲ್ಲಿ ಮಂಡಳಿ ಈ ಪ್ರಕರಣ ತನ್ನ ವ್ಯಾಪ್ತಿಗೆ ತೆಗೆದುಕೊಳ್ಳುವುದಿಲ್ಲ ಎಂದು ಕೈತೊಳೆದುಕೊಂಡಿತು. ಆ ಹುಡುಗರು ಏನು ಬರೆದಿದ್ದರು ಎಂಬುದು ಇವತ್ತಿಗೂ ಯಾರಿಗೂ ತಿಳಿಯದು.

ಮೂಗರ್ಜಿ

2022ರ ನವೆಂಬರ್ ಕೊನೆಗೆ, 11 ಪಂದ್ಯ ಸೋತು ಒಂದನ್ನು ಮಾತ್ರ ಗೆದ್ದ ಋತು ಮುಗಿದ ಮೇಲೆ, ವಿಶ್ವವಿದ್ಯಾಲಯಕ್ಕೆ ಇಮೇಲಿನಲ್ಲಿ ಒಂದು ಮೂಗರ್ಜಿ ಬಂತು. ತಂಡದಲ್ಲಿ ಕಿರಿಯರ ಮೇಲೆ ಹಿರಿಯರು ರ‍್ಯಾಗಿಂಗ್ ನಡೆಸುತ್ತಾರೆ ಎಂಬುದು ದೂರು. ಹೊರಗಿನ ವಕೀಲರಿಂದ ತನಿಖೆ ನಡೆಯಿತು. ರ‍್ಯಾಗಿಂಗ್ ನಡೆಯುತ್ತಿದ್ದುದನ್ನು 11 ಮಂದಿ ಹಾಲಿ, ಮಾಜಿ ಆಟಗಾರರು ಒಪ್ಪಿಕೊಂಡರು. ಕೋಚ್‌ಗಳಿಗೆ ಗೊತ್ತಿತ್ತು ಎನ್ನಲು ಸಾಕಷ್ಟು ಪುರಾವೆ ಇಲ್ಲ, ಆದರೆ ಪತ್ತೆ ಮಾಡುವ ಅವಕಾಶಗಳು ಬೇಕಾದಷ್ಟಿದ್ದವು ಎಂದಿತು ತನಿಖೆ.

2023ರ ಜುಲೈ 7ರಂದು ಫಿಟ್ಜ್‌ಜೆರಾಲ್ಡ್ ಅವರನ್ನು ಎರಡು ವಾರ ಸಂಬಳವಿಲ್ಲದೆ ಅಮಾನತಿನಲ್ಲಿಡುವುದಾಗಿ ವಿಶ್ವವಿದ್ಯಾಲಯ ಪ್ರಕಟಿಸಿತು. ಮಾರನೇ ದಿನ ವಿದ್ಯಾರ್ಥಿಗಳೇ ನಡೆಸುವ ಪತ್ರಿಕೆ ‘ದಿ ಡೈಲಿ ನಾರ್ತ್‌ವೆಸ್ಟರ್ನ್’ ಮಾಜಿ ಆಟಗಾರನೊಬ್ಬ ಹೇಳಿದ ವಿವರಗಳನ್ನು ಅಚ್ಚು ಮಾಡಿತು. ಮೈದಾನದಲ್ಲಿ ತಪ್ಪು ಮಾಡಿದ ಕಿರಿಯನನ್ನು ಕತ್ತಲೆ ಕೋಣೆಯಲ್ಲಿ ಹಿರಿಯರು ಗುಂಪಾಗಿ ಹಿಡಿದು ಲೈಂಗಿಕವಾಗಿ ಅವಮಾನಿಸುತ್ತಿದ್ದರು ಎಂಬ ಆರೋಪ ಅದರಲ್ಲಿತ್ತು. ಜುಲೈ 10ರಂದು ಕೋಚ್ ಅವರನ್ನು ವಜಾ ಮಾಡಲಾಯಿತು.

ತಮಗೆ ಏನೂ ಗೊತ್ತಿರಲಿಲ್ಲ ಎಂದು ಫಿಟ್ಜ್‌ಜೆರಾಲ್ಡ್ ಮೊದಲಿನಿಂದಲೂ ಹೇಳಿದರು, ವಿಶ್ವವಿದ್ಯಾಲಯದ ಮೇಲೆ ದಾವೆ ಹೂಡಿದರು. 2025ರ ಆಗಸ್ಟ್‌ನಲ್ಲಿ ರಾಜಿಯಾದಾಗ, ಯಾವ ಆಟಗಾರನೂ ಅವರಿಗೆ ರ‍್ಯಾಗಿಂಗ್ ಬಗ್ಗೆ ದೂರು ಕೊಟ್ಟದ್ದಕ್ಕಾಗಲಿ, ಅವರು ಅದಕ್ಕೆ ಒಪ್ಪಿಗೆ ಕೊಟ್ಟದ್ದಕ್ಕಾಗಲಿ ಪುರಾವೆ ಸಿಕ್ಕಿಲ್ಲ ಎಂದು ವಿಶ್ವವಿದ್ಯಾಲಯವೇ ಹೇಳಿತು.

ಈ ಹೇಳಿಕೆಯನ್ನು ಕೋಚ್ ಪರವಾದ ತೀರ್ಪೆಂದು ಓದಬಹುದು, ಅದು ನ್ಯಾಯವೂ ಹೌದು. ನಾನು ಇನ್ನೊಂದು ರೀತಿಯಲ್ಲೂ ಓದುತ್ತೇನೆ. ಹದಿನೇಳು ವರ್ಷ, ನೂರಾರು ಹುಡುಗರು, ಹಗಲೂ ರಾತ್ರಿ ಜೊತೆಗಿದ್ದ ಜನಪ್ರಿಯ ಕೋಚ್. ಆದರೂ ಒಬ್ಬನೇ ಒಬ್ಬ ಹುಡುಗ ಅವರ ಹತ್ತಿರ ಹೋಗಿ ಹೇಳಿದ್ದಕ್ಕೆ ಪುರಾವೆ ಇಲ್ಲ. ಕೋಚ್ ತಪ್ಪಿತಸ್ಥರಲ್ಲ ಎಂದಾದರೆ ತಂಡದೊಳಗಿನ ದಾರಿಗಳು ಎಷ್ಟು ಮುಚ್ಚಿದ್ದವು ಎಂಬುದು ಇನ್ನೂ ಸ್ಪಷ್ಟವಾಗುತ್ತದೆ. ಆ ಮಾತು ಹೊರಬರಲು ಹೆಸರಿಲ್ಲದ ಪತ್ರ ಬೇಕಾಯಿತು, ಕ್ರೀಡಾ ವಿಭಾಗಕ್ಕೆ ಉತ್ತರಿಸಬೇಕಿಲ್ಲದ ವಿದ್ಯಾರ್ಥಿ ಪತ್ರಕರ್ತರು ಬೇಕಾಯಿತು.

ತನಿಖೆಯ ನಂತರ ವಿಶ್ವವಿದ್ಯಾಲಯ ಕೈಗೊಂಡ ಕ್ರಮಗಳಲ್ಲಿ ಒಂದು, ಕೋಚ್‌ಗಳಿಗೆ ಅಧೀನರಲ್ಲದ ಒಬ್ಬರನ್ನು ಡ್ರೆಸ್ಸಿಂಗ್ ರೂಮಿನ ಮೇಲ್ವಿಚಾರಣೆಗೆ ನೇಮಿಸುವುದು. ಇನ್ನೊಂದು, ಕೆನೋಷಾದ ಶಿಬಿರ ನಿಲ್ಲಿಸುವುದು. ಹೌದು, ಬಾರ್ನೆಟ್ 1992ರಲ್ಲಿ ತಂಡವನ್ನು ಒಂದುಗೂಡಿಸಲು ಶುರು ಮಾಡಿದ ಅದೇ ಶಿಬಿರ. ದೂರಿನಲ್ಲಿ ಅದರ ಹೆಸರೂ ಇತ್ತು. ಹುಡುಗರನ್ನು ಹೊರಗಿನ ಲೋಕದಿಂದ ಬೇರ್ಪಡಿಸಿದರೆ ಒಗ್ಗಟ್ಟು ಬೆಳೆಯುತ್ತದೆ, ನಿಜ. ಅದೇ ಏಕಾಂತದಲ್ಲಿ ಕಿರಿಯವನಿಗೆ ಓಡಿಹೋಗಲು ಜಾಗವೂ ಇರುವುದಿಲ್ಲ. ಒಂದು ಪೀಳಿಗೆಗೆ ಸ್ನೇಹ ಕಲಿಸಿದ ಏರ್ಪಾಟು, ಯಾರೂ ಮರುಪರಿಶೀಲಿಸದಿದ್ದರೆ, ಇನ್ನೊಂದು ಪೀಳಿಗೆಗೆ ಬಂದೀಖಾನೆಯಾಗಬಲ್ಲದು.

ಮಾತು ಮೇಲಕ್ಕೆ ಹೋಗುವ ದಾರಿ

ಇದು ಒಂದು ವಿಶ್ವವಿದ್ಯಾಲಯದ ದುರದೃಷ್ಟ ಎಂದುಕೊಳ್ಳಬೇಡಿ. 2018ರ ಮೇ ತಿಂಗಳಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಆಟಗಾರ, 19 ವರ್ಷದ ಜೋರ್ಡನ್ ಮೆಕ್‌ನೇರ್, ಓಟದ ಅಭ್ಯಾಸದಲ್ಲಿ ಉಷ್ಣಾಘಾತಕ್ಕೆ ತುತ್ತಾಗಿ ಎರಡು ವಾರದ ನಂತರ ತೀರಿಕೊಂಡ. ಜಂಕ್ಷನ್ ನಡೆದು 64 ವರ್ಷ ಕಳೆದಿತ್ತು. ತಂಡದ ವಾತಾವರಣ ಪರಿಶೀಲಿಸಲು ನೇಮಿಸಿದ ಆಯೋಗ ಆ ಅಕ್ಟೋಬರಿನಲ್ಲಿ ವರದಿ ಕೊಟ್ಟಿತು. ತಂಡದ ಸಂಸ್ಕೃತಿ ವಿಷಮಯ ಎನ್ನಲಾಗದು, ಆದರೆ ಹಲವು ಆಟಗಾರರು ಬಾಯಿಬಿಡಲು ಹೆದರುತ್ತಿದ್ದುದರಿಂದ ಸಮಸ್ಯೆಗಳು ಒಳಗೇ ಕೀವುಗಟ್ಟಿದವು ಎಂಬುದು ಅದರ ತೀರ್ಮಾನ. ಆ ವರದಿಯಲ್ಲಿ ನನಗೆ ಅತಿ ಮುಖ್ಯವಾಗಿ ಕಂಡದ್ದು ಈ ಎರಡನೇ ಭಾಗ. ದುಷ್ಟರೇ ಬೇಕಾಗಿಲ್ಲ, ಹೆದರಿಕೆಯೊಂದು ಇದ್ದರೆ ಒಳ್ಳೆಯವರ ನಡುವೆಯೂ ಅನಾಹುತ ಆಗುತ್ತದೆ.

ಹಾಗಾದರೆ ಕೋಚ್ ಏನೂ ಮಾಡಲಾರರೇ? ಖಂಡಿತ ಮಾಡಬಲ್ಲರು. 1989ರಲ್ಲಿ ಬಿಲ್ ಸ್ನೈಡರ್ ಕ್ಯಾನ್ಸಸ್ ಸ್ಟೇಟ್‌ಗೆ ಬಂದಾಗ ಆ ತಂಡ ಹಿಂದಿನ 27 ಪಂದ್ಯಗಳಲ್ಲಿ ಒಂದನ್ನೂ ಗೆದ್ದಿರಲಿಲ್ಲ. ಅವರು ದಿನಕ್ಕೆ ಒಂದಿಷ್ಟು ಸುಧಾರಿಸಿ ಎಂಬ ಸಾದಾ ಮಾತೂ ಸೇರಿದ ಹದಿನಾರು ಗುರಿಗಳನ್ನು ತಂಡದ ಮುಂದಿಟ್ಟರು. ಮೊದಲ ವರ್ಷ ಸಿಕ್ಕಿದ್ದು ಒಂದೇ ಗೆಲುವು, ಐದನೇ ವರ್ಷ ಒಂಬತ್ತು. 1998ರಲ್ಲಿ ಋತುವಿನ ನಿಯಮಿತ ಪಂದ್ಯಗಳಲ್ಲಿ ಹನ್ನೊಂದಕ್ಕೆ ಹನ್ನೊಂದೂ ಗೆಲುವು. ಆ ಐದು ವರ್ಷದ ತಾಳ್ಮೆ ಈಗ ಯಾರಿಗೂ ಇಲ್ಲ. 2021ರಿಂದ ಆಟಗಾರರು ಒಂದು ವರ್ಷ ಬೆಂಚಿನಲ್ಲಿ ಕೂರದೆ ಬೇರೆ ವಿಶ್ವವಿದ್ಯಾಲಯಕ್ಕೆ ಹೋಗಬಹುದು, ತಮ್ಮ ಹೆಸರಿನಿಂದ ಹಣ ಗಳಿಸಬಹುದು. ಡಿಯಾನ್ ಸ್ಯಾಂಡರ್ಸ್ ಕೊಲರಾಡೊ ಕೋಚ್ ಆದ ಕೆಲವೇ ತಿಂಗಳಲ್ಲಿ, 2023ರ ಋತುವಿಗೆ ಮುನ್ನ, ಐವತ್ತಕ್ಕೂ ಹೆಚ್ಚು ಹುಡುಗರು ತಂಡ ಬಿಟ್ಟರು. ಕರ್ಟ್ ಸಿಗ್ನೆಟ್ಟಿ ತಮ್ಮ ಹಳೆಯ ತಂಡದಿಂದ ಹತ್ತಕ್ಕೂ ಹೆಚ್ಚು ಆಟಗಾರರನ್ನು ಇಂಡಿಯಾನಾಗೆ ಕರೆತಂದು, 2023ರಲ್ಲಿ 3 ಗೆದ್ದಿದ್ದ ತಂಡವನ್ನು 2024ರಲ್ಲಿ 11 ಗೆಲ್ಲಿಸಿದರು. ಅದ್ಭುತ ಸಾಧನೆ. ಆದರೆ ಜನರನ್ನೇ ಬದಲಿಸಿದಾಗ ನಡತೆ ಬದಲಾಯಿತೋ ಇಲ್ಲವೋ ಎಂದು ತಿಳಿಯಲು ಇನ್ನಷ್ಟು ಕಾಲ ಬೇಕು.

ಹುಡುಗರಿಗೆ ಬಿಟ್ಟು ಹೋಗುವ ಸ್ವಾತಂತ್ರ್ಯ ಸಿಕ್ಕಿದ್ದು ಒಳ್ಳೆಯದೇ. ಆದರೆ ಹೋಗುವ ಸ್ವಾತಂತ್ರ್ಯ ಬೇರೆ, ಇದ್ದುಕೊಂಡು ಹೇಳುವ ಸ್ವಾತಂತ್ರ್ಯ ಬೇರೆ. ಮೊದಲನೆಯದನ್ನು ನಿಯಮ ಕೊಡಬಲ್ಲದು. ಎರಡನೆಯದಕ್ಕೆ ಕೋಚ್ ತಮ್ಮ ಅಧಿಕಾರದ ಒಂದು ಪಾಲನ್ನು ತಾವೇ ಬಿಟ್ಟುಕೊಡಬೇಕು: ತಮ್ಮ ಕೈಕೆಳಗಿಲ್ಲದ ವೈದ್ಯರು ಆಟಗಾರನನ್ನು ಮೈದಾನದಿಂದ ಹೊರಗೆ ಕರೆಯುವಂತಿರಬೇಕು, ದೂರು ತಮ್ಮನ್ನು ದಾಟಿ ಮೇಲೆ ಹೋಗುವ ದಾರಿ ಇರಬೇಕು, ಆಟಗಾರರು ತಮ್ಮೊಳಗೆ ಒಂದಾಗಿ ಮಾತಾಡುವ ವ್ಯವಸ್ಥೆ ಇರಬೇಕು. ಇವೆಲ್ಲ ಕೋಚ್‌ಗೆ ವಿರುದ್ಧವಾಗಿಯೂ ಕೆಲಸ ಮಾಡಬಲ್ಲಂಥವು. ಅದನ್ನು ಗೊತ್ತಿದ್ದೂ ಕಟ್ಟುವವರು ಮಾತ್ರ ತಂಡವನ್ನು ನಿಜವಾಗಿ ಬದಲಿಸುತ್ತಾರೆ ಎಂಬುದು ನನ್ನ ನಂಬಿಕೆ.

ನಮ್ಮ ದೇಶದಲ್ಲಿ 2009ರ ಯುಜಿಸಿ ನಿಯಮಗಳು ರ‍್ಯಾಗಿಂಗ್ ತಡೆಯುವ ಹೊಣೆಯನ್ನು ಸಂಸ್ಥೆಯ ಮೇಲೆ ಹೊರಿಸಿವೆ. ಪ್ರವೇಶದ ಹೊತ್ತಿಗೆ ವಿದ್ಯಾರ್ಥಿಯೂ ಪೋಷಕರೂ ಮುಚ್ಚಳಿಕೆ ಬರೆದುಕೊಡುತ್ತಾರೆ. ಕಾಗದದ ಮಟ್ಟಿಗೆ ನಾವು ಹಿಂದಿಲ್ಲ. ಇಲ್ಲಿ ಕೂತಿರುವ ದೈಹಿಕ ಶಿಕ್ಷಣ ನಿರ್ದೇಶಕರಲ್ಲಿ ನನ್ನದೊಂದು ವಿನಂತಿ. ನಿಮ್ಮ ತಂಡ ಹೇಗಿದೆ ಎಂದು ತಿಳಿಯಬೇಕಾದಾಗ ಬೀರುವಿನಲ್ಲಿರುವ ಕಪ್‌ಗಳನ್ನು ಎಣಿಸಬೇಡಿ. ಕಳೆದ ವರ್ಷ ತಂಡದ ಕಿರಿಯ ಆಟಗಾರರಿಂದ ಎಷ್ಟು ದೂರು ಬಂದವು ಎಂದು ಕೇಳಿ. ಒಂದೂ ಬಂದಿಲ್ಲ ಎಂದರೆ ಸಂತೋಷಪಡಬೇಡಿ, ಏಕೆ ಬಂದಿಲ್ಲ ಎಂದು ವಿಚಾರಿಸಿ. ಬಂದಿದ್ದರೆ, ದೂರು ತಂದ ಹುಡುಗ ಅಥವಾ ಹುಡುಗಿ ಈಗಲೂ ತಂಡದಲ್ಲಿ ಇದ್ದಾರೆಯೇ, ಮೈದಾನಕ್ಕೆ ಇಳಿಯುತ್ತಿದ್ದಾರೆಯೇ ಎಂದು ನೋಡಿ. ಆ ಪ್ರಶ್ನೆಗೆ ಹೌದು ಎಂಬ ಉತ್ತರ ಬಂದರೆ ನಿಮ್ಮ ತಂಡದ ಸಂಸ್ಕೃತಿ ಬದಲಾಗಿದೆ ಎಂದು ಧೈರ್ಯವಾಗಿ ಹೇಳಬಹುದು, ಈ ವರ್ಷ ಕಪ್ ಬರದಿದ್ದರೂ.